ಹಳೆಯದಕ್ಕೆ ತೇಪೆ ಹಾಕುವ ಹಕ್ಕು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10 ಎಂಬ ತನ್ನ ಗಣಕ ವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯನ್ನು ನಿಲ್ಲಿಸಿತು. ಆ ದಿನ ಯಾವ ಯಂತ್ರವೂ ಕೆಟ್ಟು ನಿಲ್ಲಲಿಲ್ಲ. ಹಿಂದಿನ ರಾತ್ರಿ ಲೆಕ್ಕ ಮುಗಿಸಿ ಆರಿಸಿದ ದಿನಸಿ ಅಂಗಡಿಯ ಕಂಪ್ಯೂಟರು ಮಾರನೆಯ ಬೆಳಿಗ್ಗೆ ಎಂದಿನಂತೆಯೇ ತೆರೆಯಿತು, ಬಿಲ್ಲು ಹಾಕಿತು, ಬಾಕಿ ತೋರಿಸಿತು. ಆದರೂ ಒಂದೇ ರಾತ್ರಿಯಲ್ಲಿ ಅದು ‘ಹಳೆಯದು’ ಆಯಿತು. ಮುಂದೆ ಅದರಲ್ಲಿ ಕಳ್ಳರಿಗೆ ಕನ್ನ ಕಂಡರೆ ಮುಚ್ಚಿಕೊಡುವ ಹೊಣೆ ಕಂಪನಿಗಿಲ್ಲ. ಹಣ ಕೊಟ್ಟೋ, ಕಂಪನಿಯ ಕರಾರಿಗೆ ಒಪ್ಪಿಯೋ ಇನ್ನು ಸ್ವಲ್ಪ ಕಾಲ ಮುಂದೂಡಬಹುದು; ಆಮೇಲೆ ವಿಂಡೋಸ್ 11 ಹಾಕಿಕೊಳ್ಳಬೇಕು. ಅದಕ್ಕೆ ಕಂಪನಿ ವಿಧಿಸಿರುವ ಷರತ್ತುಗಳಿಗೆ ಹಳೆಯ ಕಂಪ್ಯೂಟರುಗಳು ಹೊಂದುವುದಿಲ್ಲ. ಅಂದರೆ ಕೆಡದ ಯಂತ್ರವನ್ನು ಮೂಲೆಗೆ ತಳ್ಳಿ ಹೊಸದನ್ನು ಕೊಳ್ಳಬೇಕು.

ಒಂದು ವಸ್ತು ಹಳತಾಯಿತೆಂದು ತೀರ್ಮಾನಿಸುವವರು ಯಾರು? ಅದನ್ನು ಮಾರಿದವರೇ, ಅದರಿಂದ ದುಡಿಯುವವರೇ? ಗಿರಣಿಯ ಬಂಧುಗಳಿಗೆ ಈ ಪ್ರಶ್ನೆ ಹೊಸದಲ್ಲ. ಮಗ್ಗವನ್ನು ತಯಾರಿಸಿದ ಕಂಪನಿ ಮುಚ್ಚಿಹೋದ ಮೇಲೂ ಮಗ್ಗ ಓಡುತ್ತಲೇ ಇರುವುದನ್ನು ಅವರು ಬಲ್ಲರು. ಹಲ್ಲಿನ ಚಕ್ರ ಸವೆದರೆ ಫಿಟ್ಟರ್ ಅದನ್ನು ಬಿಚ್ಚುವನು, ಅಳತೆ ತೆಗೆಯುವನು, ಲೇತಿನಲ್ಲಿ ಇನ್ನೊಂದನ್ನು ಮಾಡಿಸಿ ಕೂರಿಸುವನು. ಬಿಚ್ಚಲು ಬರುವ ಯಂತ್ರಕ್ಕೆ ಮಾರಿದವನ ಮಾತಿನಿಂದ ಮುಪ್ಪು ಬರುವುದಿಲ್ಲ. ಕಂಪ್ಯೂಟರಿನೊಳಗಿನ ತಂತ್ರಾಂಶಕ್ಕೂ ಈ ನ್ಯಾಯ ಸಲ್ಲಬೇಡವೇ ಎಂಬುದೇ ನಮ್ಮ ಪ್ರಶ್ನೆ.

ಸಲ್ಲಬೇಕಾದರೆ ತಂತ್ರಾಂಶವನ್ನೂ ಬಿಚ್ಚಲು ಬರಬೇಕು. ತಂತ್ರಾಂಶಕ್ಕೆ ಎರಡು ರೂಪಗಳುಂಟು. ಒಂದು, ಮನುಷ್ಯರು ಬರೆಯುವ, ಓದಿದರೆ ಅರ್ಥವಾಗುವ ರೂಪ. ಇದಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ಇನ್ನೊಂದು, ಅದನ್ನು ಅರೆದು ಯಂತ್ರಕ್ಕೆ ಉಣಿಸುವ ರೂಪ. ಅದರಲ್ಲಿ ಸೊನ್ನೆ ಮತ್ತು ಒಂದರ ಸಾಲುಗಳ ಹೊರತು ಏನೂ ಇಲ್ಲ. ಅಂಗಡಿಯಲ್ಲಿ ನಮಗೆ ಮಾರುವುದು ಎರಡನೆಯದನ್ನು. ಹಿಟ್ಟನ್ನು ಕೊಟ್ಟು ಕಾಳನ್ನು ಬಚ್ಚಿಟ್ಟ ಹಾಗೆ. ಹಿಟ್ಟಿನಲ್ಲಿ ಕಲ್ಲು ಸೇರಿದ್ದರೆ ಹಲ್ಲಿಗೆ ಸಿಕ್ಕಿದಾಗಲೇ ಗೊತ್ತಾಗುವುದು.

ಸುಮಾರು 1980ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಒಂದು ಮುದ್ರಣ ಯಂತ್ರ ಬಂದಿತು. ಹಿಂದಿನ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾದು ಕುಳಿತವರಿಗೆ ಸುದ್ದಿ ಮುಟ್ಟುವಂತೆ ಅಲ್ಲಿಯ ಕೆಲಸಗಾರ ರಿಚರ್ಡ್ ಸ್ಟಾಲ್ಮನ್ ತಂತ್ರಾಂಶವನ್ನು ತಿದ್ದಿದ್ದರು. ಹೊಸ ಯಂತ್ರಕ್ಕೂ ಹಾಗೆಯೇ ಮಾಡಲು ಹೊರಟರೆ ಅದರ ಸೋರ್ಸ್ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದವರು, ಗುಟ್ಟು ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ ಎಂದರು. ರಿಪೇರಿ ಬಲ್ಲ ಕೈಯಿದೆ, ಕೆಟ್ಟ ಯಂತ್ರ ಎದುರಿಗಿದೆ, ನಡುವೆ ಒಂದು ಬೀಗ. ಸ್ಟಾಲ್ಮನ್ 1983ರಲ್ಲಿ ಗ್ನೂ ಎಂಬ ಮುಕ್ತ ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿದರು. 1989ರಲ್ಲಿ ಅದರ ಪರವಾನಗಿ ಪತ್ರ ಹೊರಬಂದಿತು. ಈ ತಂತ್ರಾಂಶವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ಹಂಚುವವರು ಪಡೆದವರಿಗೂ ಅದೇ ಹಕ್ಕನ್ನು ಕೊಡಬೇಕು ಎಂಬುದು ಅದರ ತಿರುಳು.

ಇದು ದೊಡ್ಡ ಗೆಲುವು, ಸಂದೇಹವಿಲ್ಲ. ಇಂದು ನಮ್ಮ ಜೇಬಿನ ಆಂಡ್ರಾಯ್ಡ್ ಫೋನುಗಳ ತಿರುಳಾದ ಲಿನಕ್ಸ್ ಇದೇ ಪರವಾನಗಿಯ 1991ರ ಎರಡನೆಯ ಆವೃತ್ತಿಯ ಕೆಳಗೆ ಬರುವುದು. ಆದರೆ ನಮ್ಮ ಓದುಗರಿಗೆ ಒಂದು ಮಾತು ಗೊತ್ತಿದೆ: ಕಾಯಿದೆಯ ಪುಸ್ತಕದಲ್ಲಿ ಬರೆದ ಹಕ್ಕು ಬೇರೆ, ಕೈಗೆ ದಕ್ಕುವ ಹಕ್ಕು ಬೇರೆ. ಹಳೆಯ ತಂತ್ರಾಂಶಕ್ಕೆ ತೇಪೆ ಹಾಕಬಹುದು ಎಂದರೆ ಸಾಲದು. ನಮ್ಮ ಯಂತ್ರದಲ್ಲಿ ಓಡುತ್ತಿರುವ ಅದೇ ಹಳೆಯ ಆವೃತ್ತಿಯ ಸೋರ್ಸ್ ಎಲ್ಲಿಯಾದರೂ ಸಿಗಬೇಕು. ಅದನ್ನು ಮತ್ತೆ ಕಟ್ಟುವ ಸಲಕರಣೆ ಉಳಿದಿರಬೇಕು. ತೇಪೆ ಹಾಕುವ ಕೈಗಳಿಗೆ ಕೂಲಿ ಸಿಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಹಕ್ಕು ಗೋಡೆಯ ಮೇಲಿನ ಪಟದಂತೆ ನೋಡುವುದಕ್ಕೆ ಮಾತ್ರ.

ತೇಪೆ ಎಂದರೇನು?

2014ರ ಏಪ್ರಿಲ್ 7ರಂದು ಲೋಕಕ್ಕೆ ತಿಳಿದುಬಂದ ಒಂದು ಲೋಪದಿಂದ ಈ ಕೆಲಸದ ಬಗೆಯನ್ನು ತಿಳಿಯಬಹುದು. ಅಂತರಜಾಲದಲ್ಲಿ ಗುಪ್ತಪದ, ಬ್ಯಾಂಕಿನ ವಿವರ ಮೊದಲಾದವನ್ನು ಮರೆಮಾಡಿ ಸಾಗಿಸಲು ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶವಿದೆ. ಎದುರಿನ ಯಂತ್ರ ಎಚ್ಚರವಾಗಿದೆಯೇ ಎಂದು ಕೇಳಿ ತಿಳಿಯುವ ಒಂದು ಸೌಕರ್ಯವನ್ನು 2012ರಲ್ಲಿ ಬಂದ ಅದರ 1.0.1 ಆವೃತ್ತಿಯಲ್ಲಿ ಸೇರಿಸಿದ್ದರು. ‘ಇಗೋ, ಇಷ್ಟು ಅಕ್ಷರ ಕಳಿಸಿದ್ದೇನೆ, ಅಷ್ಟನ್ನೇ ಹಿಂದಕ್ಕೆ ಕಳಿಸು’ ಎಂದು ಒಂದು ಯಂತ್ರ ಹೇಳುವುದು, ಇನ್ನೊಂದು ಹಾಗೆಯೇ ಮಾಡುವುದು. ಆದರೆ ಹೇಳಿದಷ್ಟು ನಿಜವಾಗಿಯೂ ಬಂದಿದೆಯೇ ಎಂದು ತೂಗಿ ನೋಡುವ ಸಾಲನ್ನು ಬರೆಯುವುದು ಬಿಟ್ಟುಹೋಗಿತ್ತು. ಒಂದು ಪಾವು ಅಕ್ಕಿ ತಂದವನು ಒಂದು ಮೂಟೆ ತಂದಿದ್ದೇನೆ ಎಂದರೆ, ಅಂಗಡಿಯವನು ತೂಗದೆಯೇ ಒಂದು ಮೂಟೆ ಹಿಂದಕ್ಕೆ ಕೊಟ್ಟಂತೆ ಆಯಿತು. ಹೀಗೆ ಒಂದು ಸಲಕ್ಕೆ 64 ಕಿಲೋಬೈಟಿನವರೆಗೆ ಯಂತ್ರದ ನೆನಪಿನಲ್ಲಿದ್ದುದೆಲ್ಲ ಹೊರಗೆ ಹರಿಯಬಹುದಾಗಿತ್ತು. ಈ ಲೋಪವನ್ನು ಹಾರ್ಟ್‌ಬ್ಲೀಡ್ ಎಂದು ಕರೆದರು.

ಇದನ್ನು ಸರಿಪಡಿಸಲು ಬೇಕಾದದ್ದು ತೂಗಿ ನೋಡುವ ಕೆಲವು ಸಾಲುಗಳು ಮಾತ್ರ. ಓಪನ್‌ಎಸ್‌ಎಸ್‌ಎಲ್ ಬರೆಯುವವರು ಅವನ್ನು ಸೇರಿಸಿ 1.0.1ಜಿ ಎಂಬ ಹೊಸ ಆವೃತ್ತಿ ಹೊರಡಿಸಿದರು. ಆದರೆ ಲಕ್ಷಾಂತರ ಯಂತ್ರಗಳಲ್ಲಿ ಓಡುತ್ತಿದ್ದುದು ಹಿಂದಿನ ಆವೃತ್ತಿಗಳು. ಸ್ವಯಂಸೇವಕರು ಕಟ್ಟಿ ನಡೆಸುವ ಡೆಬಿಯನ್ ಎಂಬ ಮುಕ್ತ ವ್ಯವಸ್ಥೆಯ ಅಂದಿನ ಸ್ಥಿರ ಬಿಡುಗಡೆಯಲ್ಲಿ ಇದ್ದುದು 1.0.1ಇ. ಡೆಬಿಯನ್ನಿನವರು ಹೊಸ ಆವೃತ್ತಿಯನ್ನು ಇಡಿಯಾಗಿ ತಂದು ಹೇರಲಿಲ್ಲ. ತಮ್ಮಲ್ಲಿದ್ದ 1.0.1ಇ ಸೋರ್ಸನ್ನು ತೆಗೆದು, ಬೇಕಾದ ಆ ಸಾಲುಗಳನ್ನು ಮಾತ್ರ ಅದಕ್ಕೆ ಹೊಲಿದು, ಮತ್ತೆ ಕಟ್ಟಿ ಹಂಚಿದರು. ಅಂಗಿಯ ಮೊಣಕೈ ಹರಿದರೆ ಅಷ್ಟಕ್ಕೇ ತೇಪೆ ಹಾಕುವರು, ಅಂಗಿಯನ್ನು ಬಿಸಾಡುವುದಿಲ್ಲ. ಇಡಿಯಾಗಿ ಹೊಸದನ್ನು ತಂದರೆ ಒಂದು ಲೋಪ ಹೋಗಿ ಮೂರು ಹೊಸ ತೊಡಕು ಬರಬಹುದು, ಅದನ್ನು ನಂಬಿದ ಬೇರೆ ತಂತ್ರಾಂಶ ನಿಲ್ಲಬಹುದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದುಂಟೇ?

ಇನ್ನೊಂದು ಮಾತನ್ನೂ ಗಮನಿಸಬೇಕು. 1.0.1ಕ್ಕಿಂತ ಹಿಂದಿನ 0.9.8, 1.0.0 ಆವೃತ್ತಿಗಳಲ್ಲಿ ಹಾರ್ಟ್‌ಬ್ಲೀಡ್ ಇರಲೇ ಇಲ್ಲ. ಆ ಸೌಕರ್ಯವೇ ಅವುಗಳಲ್ಲಿ ಇರಲಿಲ್ಲ. ಹೊಸದೆಂದ ಮಾತ್ರಕ್ಕೆ ಭದ್ರವೆಂದೂ ಹಳೆಯದೆಂದ ಮಾತ್ರಕ್ಕೆ ಅಪಾಯವೆಂದೂ ಹೇಳುವವರು ಈ ಸಂಗತಿಯನ್ನು ನೆನಪಿಡುವುದು ಲೇಸು.

ಈ ಹೊಲಿಗೆಯ ಕೆಲಸಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಎರಡು ಬರಹಗಳ ನಡುವಿನ ವ್ಯತ್ಯಾಸವನ್ನು ಸಾಲು ಸಾಲಾಗಿ ತೆಗೆದು ತೋರಿಸುವ ಡಿಫ್ ಎಂಬ ಉಪಕರಣ 1970ರ ದಶಕದಿಂದ ಇದೆ. ಆ ವ್ಯತ್ಯಾಸದ ಚೀಟಿಯನ್ನು ಓದಿ ಹಳೆಯ ಬರಹವನ್ನು ತಾನೇ ತಿದ್ದುವ ಪ್ಯಾಚ್ ಎಂಬ ಉಪಕರಣವನ್ನು ಲ್ಯಾರಿ ವಾಲ್ 1985ರಲ್ಲಿ ಹೊರತಂದರು. ಪ್ಯಾಚ್ ಎಂದರೆ ತೇಪೆಯೇ. ಯಾರು, ಯಾವ ದಿನ, ಯಾವ ಸಾಲನ್ನು, ಏಕೆ ತಿದ್ದಿದರು ಎಂಬುದನ್ನೆಲ್ಲ ಕಿರ್ದಿ ಪುಸ್ತಕದಂತೆ ಬರೆದಿಡುವ ಗಿಟ್ ಎಂಬುದನ್ನು ಲಿನಕ್ಸಿನ ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ಮಾಡಿದರು. ನಂಬಿಕೆಯ ವರ್ತಕರು ಹೇಗೆ ಹಳೆಯ ಕಿರ್ದಿಯನ್ನು ಸುಡುವುದಿಲ್ಲವೋ ಹಾಗೆಯೇ ಒಳ್ಳೆಯ ತಂತ್ರಾಂಶಿಗರು ಹಳೆಯ ಆವೃತ್ತಿಯನ್ನು ಅಳಿಸುವುದಿಲ್ಲ. ಬಹಳ ವರ್ಷದ ಹಿಂದಿನ ಪುಟಕ್ಕೆ ಹೋಗಿ, ಅಂದು ಇದ್ದದ್ದನ್ನು ಇದ್ದಂತೆಯೇ ಎತ್ತಿಕೊಂಡು ಬರಬಹುದು.

ಬಿಟ್ಟುಹೋದದ್ದನ್ನು ಎತ್ತಿಕೊಂಡವರು

ತಂತ್ರಾಂಶದಲ್ಲಿ ಯಾವ ಹೊತ್ತಿಗೆ ಏನು ನಡೆಯಿತೆಂದು ದಿನಚರಿ ಬರೆಯುವ ಲಾಗ್4ಜೆ ಎಂಬ ಮುಕ್ತ ತಂತ್ರಾಂಶವಿದೆ. ಅದರ ಮೊದಲನೆಯ ಪೀಳಿಗೆಯ ಕೊನೆಯ ಆವೃತ್ತಿ 1.2.17 ಹೊರಬಂದದ್ದು 2012ರಲ್ಲಿ. ಇನ್ನು ಮುಂದೆ ಈ ಪೀಳಿಗೆಗೆ ರಿಪೇರಿ ಇಲ್ಲ, ಎಲ್ಲರೂ ಎರಡನೆಯ ಪೀಳಿಗೆಗೆ ಬನ್ನಿ ಎಂದು 2015ರ ಆಗಸ್ಟಿನಲ್ಲಿ ಅದನ್ನು ನಡೆಸುವವರು ಸಾರಿದರು. ಆದರೂ ಹಳೆಯದು ಎಷ್ಟೋ ಕಡೆ ಓಡುತ್ತಲೇ ಇತ್ತು. 2021ರ ಡಿಸೆಂಬರಿನಲ್ಲಿ ಎರಡನೆಯ ಪೀಳಿಗೆಯಲ್ಲಿಯೇ ಭಾರಿ ಕನ್ನ ಕಂಡು ಜಗತ್ತಿನ ಕಂಪನಿಗಳೆಲ್ಲ ರಾತ್ರಿ ಹಗಲು ಓಡಾಡಿದವು. ಮೊದಲ ಪೀಳಿಗೆಗೆ ಆ ಕನ್ನ ಇರಲಿಲ್ಲ. ಆದರೆ ಅದರದೇ ಆದ ಬೇರೆ ಲೋಪಗಳಿದ್ದವು, ಅವನ್ನು ಮುಚ್ಚುವವರು ಯಾರೂ ಇರಲಿಲ್ಲ.

ಆಗ ಲಾಗ್4ಜೆಯನ್ನು ಮೊದಲು ಕಟ್ಟಿದವರೇ 1.2.17ರ ಸೋರ್ಸನ್ನು ಎತ್ತಿಕೊಂಡು ಅಪಾಯದ ಭಾಗಗಳನ್ನು ತೆಗೆದು, ತಿದ್ದಿ, 2022ರ ಜನವರಿಯಲ್ಲಿ ರೀಲೋಡ್4ಜೆ ಎಂಬ ಹೆಸರಿನಲ್ಲಿ ಹೊರತಂದರು. ಹಳೆಯದನ್ನು ತೆಗೆದ ಜಾಗದಲ್ಲಿ ಇದನ್ನು ಇಟ್ಟರೆ ಸಾಕು. ಉಳಿದ ಯಂತ್ರವನ್ನು ಮುಟ್ಟಬೇಕಾಗಿರಲಿಲ್ಲ. ರಿಪೇರಿ ನಿಲ್ಲಿಸುತ್ತೇವೆಂದು ಹೇಳಿದ ಸಂಸ್ಥೆಯ ಮೇಲೆ ನಾವು ಕೋಪಿಸಿಕೊಳ್ಳುವುದಿಲ್ಲ. ಸ್ವಯಂಸೇವಕರ ಕೈಗೂ ಮಿತಿಯುಂಟು. ನಾವು ಹೇಳುವುದಿಷ್ಟೇ: ಒಬ್ಬರು ಕೈಬಿಟ್ಟಾಗ ಇನ್ನೊಬ್ಬರು ಕೈಹಿಡಿಯಲು ಸಾಧ್ಯವಾದದ್ದು ಸೋರ್ಸ್ ತೆರೆದಿದ್ದುದರಿಂದ, ಮತ್ತು ಆ ಹತ್ತು ವರ್ಷದ ಹಿಂದಿನ ಪ್ರತಿಯನ್ನು ಯಾರೂ ಅಳಿಸಿಹಾಕದೆ ಇದ್ದುದರಿಂದ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಮೈಕ್ರೋಸಾಫ್ಟಿನ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಸಾಮಾನ್ಯ ರಕ್ಷಣೆ ನಿಂತಿತು. 2017ರ ಮೇ 12ರಂದು ವಾನಾಕ್ರೈ ಎಂಬ ಸುಲಿಗೆಯ ತಂತ್ರಾಂಶ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳಿಗೆ ನುಗ್ಗಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು; ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೂ ಅಸ್ತವ್ಯಸ್ತವಾಯಿತು. ಆಮೇಲೆ ಕಂಪನಿಯು ಎಕ್ಸ್‌ಪಿಗೂ ಒಂದು ತೇಪೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಕಂಪನಿ ಕೊಡಲು ಮನಸ್ಸು ಮಾಡುವವರೆಗೆ ಬೇರೆ ಯಾವ ಜಾಣನೂ ಆ ತೇಪೆಯನ್ನು ಸೋರ್ಸಿಗೆ ಹೊಲಿಯುವಂತಿರಲಿಲ್ಲ. ಏಕೆಂದರೆ ಬಟ್ಟೆ ಒಬ್ಬರ ಪೆಟ್ಟಿಗೆಯಲ್ಲಿತ್ತು.

ಹಿಂದಕ್ಕೆ ಹೋಗಬೇಕಾದ ದಿನ

ಹಳೆಯ ಪ್ರತಿಗಳು ಬಡವರ ಯಂತ್ರಗಳಿಗೆ ಮಾತ್ರ ಬೇಕಾದವು ಎಂದು ತಿಳಿಯಬೇಡಿ. 2024ರ ಮಾರ್ಚಿ 29ರಂದು ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರು, ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎಂಬ ಸಣ್ಣ ಅನುಮಾನದ ಜಾಡು ಹಿಡಿದು ಕಂಡುಕೊಂಡ ಒಂದು ಸಂಗತಿಯನ್ನು ಲೋಕಕ್ಕೆ ತಿಳಿಸಿದರು. ಕಡತಗಳನ್ನು ಒತ್ತಿ ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಮುಕ್ತ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಒಬ್ಬರೇ ದಣಿದು ನಡೆಸುತ್ತಿದ್ದ ಕೆಲಸಕ್ಕೆ ಸಹಾಯಕನಾಗಿ ಬಂದು, ಎರಡು ವರ್ಷಕ್ಕೂ ಮಿಕ್ಕಿ ನಂಬಿಕೆ ಗಳಿಸಿದ ಹೆಸರೊಂದು ಈ ಕೆಲಸ ಮಾಡಿತ್ತು. ಕಳ್ಳಬಾಗಿಲನ್ನು ತೆರೆಯುವ ಕೊಂಡಿ ಎಲ್ಲರಿಗೂ ಕಾಣುವ ಕಿರ್ದಿಯಲ್ಲಿ ಇರಲಿಲ್ಲ. ಹಂಚಲು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಕಿರ್ದಿಯನ್ನೂ ಗಂಟನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿದಾಗ ಮೋಸ ಬಯಲಾಯಿತು.

ಆಗ ಎಲ್ಲರೂ ಮಾಡಿದ್ದೇನು? ಹಿಂದಕ್ಕೆ ಹೋದರು. ಡೆಬಿಯನ್ನಿನವರು ಪರೀಕ್ಷೆಯ ಹಂತದಲ್ಲಿದ್ದ ತಮ್ಮ ಶಾಖೆಗಳಲ್ಲಿ 5.4.5ನ್ನು ಮತ್ತೆ ಕೂರಿಸಿದರು. ಯಂತ್ರಗಳು ದೊಡ್ಡ ಸಂಖ್ಯೆಯನ್ನೇ ಹೊಸದೆಂದು ನಂಬುವುದರಿಂದ, ಆ ಕಟ್ಟಿಗೆ ‘5.6.1+ರಿಯಲಿ5.4.5’ ಎಂದು ಹೆಸರಿಟ್ಟರು; ಅಂದರೆ ‘ಮೇಲಿನ ಚೀಟಿ 5.6.1, ನಿಜವಾಗಿ ಒಳಗಿರುವುದು 5.4.5’. ಹೊಸದು ಯಾವಾಗಲೂ ಮೇಲು ಎಂಬ ನಂಬಿಕೆಗೆ ಯಂತ್ರವೂ ಎಷ್ಟು ಕಟ್ಟುಬಿದ್ದಿದೆಯೆಂದರೆ, ಹಳೆಯದಕ್ಕೆ ಹೊಸ ಟೊಪ್ಪಿಗೆ ಹಾಕಿ ಒಳಗೆ ಬಿಡಬೇಕಾಯಿತು! ನಗು ಬರುವ ಮಾತಾದರೂ, ಆ ದಿನ 5.4.5ರ ಶುದ್ಧ ಪ್ರತಿ ಕೈಯಲ್ಲಿ ಇಲ್ಲದಿದ್ದರೆ ಹಿಂದಕ್ಕೆ ಹೋಗುವುದೆಲ್ಲಿಗೆ?

ದಾಸ್ತಾನು ಯಾರ ಕೈಯಲ್ಲಿ?

ಇಲ್ಲಿ ಎರಡನೆಯ ಸಂಕಟ ಬರುವುದು. ಸಾವಿರಾರು ಮುಕ್ತ ತಂತ್ರಾಂಶಗಳ ಸೋರ್ಸ್ ಕೆಲವೇ ದೊಡ್ಡ ಕಂಪನಿಗಳ ಉಗ್ರಾಣದಲ್ಲಿ ಪುಕ್ಕಟೆಯಾಗಿ ಕೂತಿದೆ. ಪುಕ್ಕಟೆ ಉಗ್ರಾಣಕ್ಕೆ ಬಾಗಿಲು ಹಾಕುವಾಗ ಕೇಳುವವರಿಲ್ಲ. ಗೂಗಲ್ ಕಂಪನಿಯು ತನ್ನ ಗೂಗಲ್ ಕೋಡ್ ಉಗ್ರಾಣವನ್ನು ಮುಚ್ಚುವುದಾಗಿ 2015ರ ಮಾರ್ಚಿಯಲ್ಲಿ ಹೇಳಿ 2016ರ ಜನವರಿಯಲ್ಲಿ ಮುಚ್ಚಿತು. ಗಿಟೋರಿಯಸ್ ಎಂಬ ಇನ್ನೊಂದು ಉಗ್ರಾಣ 2015ರಲ್ಲಿಯೇ ಮುಚ್ಚಿತು. ಗೂಗಲ್ ಹಳೆಯ ಸಾಮಗ್ರಿಯ ಪ್ರತಿಯನ್ನು ಓದಲು ಬಿಟ್ಟಿತು, ಒಳ್ಳೆಯದಾಯಿತು. ಆದರೆ ಅದು ಕಂಪನಿಯ ಔದಾರ್ಯ, ನಮ್ಮ ಹಕ್ಕಲ್ಲ. ಪರವಾನಗಿಯ ಎರಡನೆಯ ಆವೃತ್ತಿ ಕೂಡ, ಸೋರ್ಸನ್ನು ಜೊತೆಗೇ ಕೊಡದೆ ಬರಹದ ಭರವಸೆ ಕೊಟ್ಟು ಮಾರುವವರು ಕನಿಷ್ಠ ಮೂರು ವರ್ಷ ಆ ಭರವಸೆಗೆ ಬದ್ಧರಾಗಿರಬೇಕು ಎಂದಷ್ಟೇ ಹೇಳುವುದು. ಅಂಗಡಿಯ ತೂಕದ ಯಂತ್ರವನ್ನೇ ಮೂರು ವರ್ಷಕ್ಕೆ ಎಸೆಯುವವರಿಲ್ಲ.

ಆದುದರಿಂದ ಸಾರ್ವಜನಿಕ ದಾಸ್ತಾನು ಬೇಕು. ಅದು ಅಸಾಧ್ಯದ ಮಾತೇನಲ್ಲ. ಡೆಬಿಯನ್ನಿನವರ ಸ್ನ್ಯಾಪ್‌ಶಾಟ್ ಎಂಬ ಸಂಗ್ರಹದಲ್ಲಿ 2005ರಿಂದ ಈಚಿನ ಅವರ ಕಟ್ಟುಗಳು ತಾರೀಖಿನ ಪ್ರಕಾರ ದೊರೆಯುವುವು. ಇಂಥ ದಿನ ಇಂಥ ತಂತ್ರಾಂಶ ಹೇಗಿತ್ತು ಎಂದು ಕೇಳಿದರೆ ಅದೇ ಪ್ರತಿ ಕೈಗೆ ಬರುವುದು. ಫ್ರಾನ್ಸಿನ ಸರ್ಕಾರಿ ಸಂಶೋಧನಾ ಸಂಸ್ಥೆ ಇನ್ರಿಯಾ 2016ರಲ್ಲಿ ಸಾಫ್ಟ್‌ವೇರ್ ಹೆರಿಟೇಜ್ ಎಂಬ ಭಂಡಾರವನ್ನು ಲೋಕಕ್ಕೆ ತೆರೆಯಿತು. ಜಗತ್ತಿನಲ್ಲಿ ಬಹಿರಂಗವಾಗಿ ಸಿಗುವ ಸೋರ್ಸನ್ನೆಲ್ಲ, ಅದರ ಹಿಂದಿನ ಆವೃತ್ತಿಗಳ ಸಮೇತ, ಕೂಡಿಟ್ಟುಕೊಳ್ಳುವುದು ಅದರ ಕೆಲಸ. 2017ರಲ್ಲಿ ಯುನೆಸ್ಕೋ ಸಂಸ್ಥೆ ಅದರೊಡನೆ ಒಪ್ಪಂದ ಮಾಡಿಕೊಂಡಿತು. ಶಾಸನಗಳನ್ನೂ ತಾಳೆಗರಿಗಳನ್ನೂ ಕಾಪಾಡುವುದು ಸರ್ಕಾರದ ಹೊಣೆ ಎಂದು ನಾವು ಒಪ್ಪಿದ್ದೇವೆ. ಇಂದು ರೈಲು, ವಿದ್ಯುತ್ತು, ಬ್ಯಾಂಕು ನಡೆಸುವ ಬರಹವನ್ನು ಕಾಪಾಡುವುದು ಅದಕ್ಕಿಂತ ಕಡಿಮೆಯ ಹೊಣೆಯಲ್ಲ.

ಕೂಲಿಯ ಮಾತು

ದಾಸ್ತಾನು ಇದ್ದರೂ ಹೊಲಿಯುವ ಕೈ ಬೇಕು; ಆ ಕೈಗೂ ಹೊಟ್ಟೆಯಿದೆ. ಹಾರ್ಟ್‌ಬ್ಲೀಡ್ ಬಯಲಾದಾಗ ಒಂದು ಸಂಗತಿ ಹೊರಬಿತ್ತು. ಜಗತ್ತಿನ ವ್ಯಾಪಾರವೆಲ್ಲ ನಂಬಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರು ಮಾತ್ರ! ಕೋಟಿಗಟ್ಟಲೆ ಲಾಭ ಎಣಿಸಿದ ಕಂಪನಿಗಳು ಅದರ ಬೆವರಿಗೆ ಕಾಸು ಬಿಚ್ಚಿರಲಿಲ್ಲ. ಎಕ್ಸ್‌ಜೆಡ್ ನಡೆಸುತ್ತಿದ್ದವರ ದಣಿವೇ ಕಳ್ಳನಿಗೆ ದಾರಿಯಾಯಿತು. ರಾತ್ರಿಪಾಳಿಯಲ್ಲಿ ಒಬ್ಬನೇ ಹತ್ತು ಮಗ್ಗ ನೋಡಿಕೊಂಡರೆ ನೂಲು ಹರಿಯುವುದು ಯಾರ ತಪ್ಪು?

ಕೂಲಿ ಕೊಡುವ ಬಗೆ ಹೇಗೆ ಎಂಬ ಬಗ್ಗೆ ಎರಡು ದಾರಿಗಳು ನಮ್ಮ ಕಣ್ಣೆದುರಿಗಿವೆ. ಲಿನಕ್ಸಿನ ಹಳೆಯ ಆವೃತ್ತಿಗಳಿಗೆ ಬಹಳ ವರ್ಷ ತೇಪೆ ಹಾಕಿಕೊಡುವುದರಲ್ಲಿ ಹೆಸರಾದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ 3400 ಕೋಟಿ ಡಾಲರಿಗೆ ಕೊಂಡಿತು. 2023ರ ಜೂನಿನಲ್ಲಿ ರೆಡ್ ಹ್ಯಾಟ್, ತನ್ನ ವ್ಯಾಪಾರದ ಆವೃತ್ತಿಗಳ ಸೋರ್ಸನ್ನು ಇನ್ನು ಗಿರಾಕಿಗಳಿಗೆ ಮಾತ್ರ ಕೊಡುವೆವು, ಸಾರ್ವಜನಿಕರು ಮುಂದಿನ ಆವೃತ್ತಿಗಾಗಿ ತಯಾರಾಗುತ್ತಿರುವ ಸೆಂಟ್‌ಓಎಸ್ ಸ್ಟ್ರೀಮ್ ನೋಡಿಕೊಳ್ಳಲಿ ಎಂದಿತು. ಹಳೆಯದಕ್ಕೆ ತೇಪೆ ಹಾಕುವುದು ಕಷ್ಟದ ದುಡಿಮೆ, ನಮ್ಮ ಕೆಲಸಗಾರರ ಶ್ರಮವನ್ನು ಏನೂ ಸೇರಿಸದೆ ಮರುಕಟ್ಟಿ ಹಂಚುವುದು ನ್ಯಾಯವಲ್ಲ ಎಂಬುದು ಅದರ ವಾದ. ಕೂಲಿಯ ಮಾತು ನಮಗೆ ಒಪ್ಪಿಗೆ. ಆದರೆ ಆ ಬಟ್ಟೆಯ ಬಹುಪಾಲು ನೇಯ್ದವರು ಲೋಕದ ಸಾವಿರಾರು ಜನ. ತೇಪೆಯ ಹೆಸರು ಹೇಳಿ ಅಂಗಡಿಗೆ ಪರದೆ ಇಳಿಬಿಡುವುದು ಒಪ್ಪಿಗೆಯಲ್ಲ.

ಎರಡನೆಯ ದಾರಿಯನ್ನು ಡೆಬಿಯನ್ನಿನವರು ತೋರಿಸಿದ್ದಾರೆ. ತಮ್ಮ ಹಳೆಯ ಬಿಡುಗಡೆಗಳಿಗೆ ಒಟ್ಟು ಐದು ವರ್ಷದವರೆಗೆ ರಕ್ಷಣೆ ದೊರೆಯುವ ಏರ್ಪಾಡು 2014ರಲ್ಲಿ ಆರಂಭವಾಯಿತು. ಅದನ್ನು ನಂಬಿರುವ ಸಂಸ್ಥೆಗಳು ಚಂದಾ ಕೊಡುವುವು; ಆ ಹಣದಿಂದ ತೇಪೆ ಹಾಕುವವರಿಗೆ ಗಂಟೆಯ ಲೆಕ್ಕದಲ್ಲಿ ಕೂಲಿ ಸಲ್ಲುವುದು; ಹಾಕಿದ ತೇಪೆ ಚಂದಾ ಕೊಟ್ಟವರಿಗೂ ಕೊಡದವರಿಗೂ ಬಹಿರಂಗವಾಗಿ ಸಿಗುವುದು. ದೊಡ್ಡ ಕಾರ್ಖಾನೆಗಳೂ ಈ ಲೆಕ್ಕವನ್ನು ಅರಿತಿವೆ. ಹಿಟಾಚಿ, ಸೀಮೆನ್ಸ್, ತೋಷಿಬಾ ಕಂಪನಿಗಳು 2016ರಲ್ಲಿ ಇತರರೊಡನೆ ಸೇರಿ, ವಿದ್ಯುತ್ತು ಮತ್ತು ಸಾರಿಗೆಯಂಥ ನಾಗರಿಕ ಸೌಕರ್ಯಗಳ ಯಂತ್ರಗಳಿಗಾಗಿ ಲಿನಕ್ಸಿನ 4.4 ಆವೃತ್ತಿಯನ್ನು ಹತ್ತು ವರ್ಷಕ್ಕಾದರೂ ರಿಪೇರಿಯಲ್ಲಿ ಇಡುವ ಕೂಟ ಕಟ್ಟಿದವು. ದೊಡ್ಡವರಿಗೆ ಹಳೆಯ ಯಂತ್ರ ಹತ್ತು ವರ್ಷ ಬಾಳಬೇಕು; ಸಣ್ಣವರು ಮಾತ್ರ ಹೊಸದನ್ನು ಕೊಳ್ಳುತ್ತಲೇ ಇರಬೇಕೇ?

ಒಂದು ಆಕ್ಷೇಪವನ್ನು ಇಲ್ಲಿಯೇ ಎತ್ತಿಕೊಳ್ಳೋಣ. ಹಳೆಯದಕ್ಕೆ ಜೋತುಬಿದ್ದರೆ ಅಪಾಯವಲ್ಲವೇ, ಎಲ್ಲರೂ ಹೊಸದಕ್ಕೆ ಹೋಗುವುದೇ ಸುಲಭವಲ್ಲವೇ ಎಂದು ತಜ್ಞರು ಕೇಳುವರು. ತೇಪೆಯಿಲ್ಲದ ಹಳೆಯದು ಅಪಾಯವೇ ಸರಿ. ಅದನ್ನು ಜಾಲಕ್ಕೆ ಜೋಡಿಸಿಕೊಂಡು ಕೂರುವುದು ಬಾಗಿಲು ತೆರೆದಿಟ್ಟು ಮಲಗಿದಂತೆ. ಹತ್ತು ಆವೃತ್ತಿಗಳಿಗೂ ತೇಪೆ ಹಾಕುತ್ತ ಕೂತರೆ ದುಡಿಮೆ ಹಂಚಿಹೋಗುವುದೆಂಬುದೂ ನಿಜ. ಹಳೆಯದನ್ನೆಲ್ಲ ಪೂಜಿಸಬೇಕೆಂದು ನಾವು ಹೇಳುತ್ತಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಎಷ್ಟು ವರ್ಷ ಉಳಿಸಬೇಕು ಎಂಬ ತೀರ್ಮಾನ ಅದನ್ನು ಬಳಸುವವರನ್ನೂ ಕೇಳಿ ಆಗಬೇಕು. ಮಾರುವವರ ವರ್ಷಾಂತ್ಯದ ಲೆಕ್ಕವನ್ನು ಮಾತ್ರ ನೋಡಿ ಆಗಬಾರದು.

ಜೇಬಿನಲ್ಲಿರುವ ಫೋನಿನಲ್ಲಿಯೇ ಇದರ ಬಿಸಿ ಎಲ್ಲರಿಗೂ ತಟ್ಟಿದೆ. ಪರದೆ ಸರಿಯಿದೆ, ಬ್ಯಾಟರಿ ಸರಿಯಿದೆ. ಆದರೆ ಕಂಪನಿ ಹೊಸ ಆಂಡ್ರಾಯ್ಡ್ ಕಳಿಸುವುದನ್ನು ನಿಲ್ಲಿಸಿದೆ, ಕೆಲವು ದಿನ ಕಳೆದರೆ ಹಣ ಕಳಿಸುವ ಆ್ಯಪು ‘ಈ ಫೋನಿನಲ್ಲಿ ನಡೆಯುವುದಿಲ್ಲ’ ಎನ್ನುವುದು. ಒಳಗಿನ ಲಿನಕ್ಸಿನ ಸೋರ್ಸ್ ಕೊಡಲೇಬೇಕೆಂದು ಪರವಾನಗಿ ಹೇಳುವುದು. ಆದರೆ ಕ್ಯಾಮೆರಾ, ರೇಡಿಯೋ ಮೊದಲಾದವನ್ನು ನಡೆಸುವ ಎಷ್ಟೋ ತುಣುಕುಗಳು ಮುಚ್ಚಿದ ಪೆಟ್ಟಿಗೆಯಲ್ಲಿಯೇ ಬರುವುವು. ಹಲವು ಫೋನುಗಳಲ್ಲಿ ಬೇರೆ ವ್ಯವಸ್ಥೆ ಹಾಕದಂತೆ ಬೀಗವನ್ನೂ ಜಡಿದಿರುವರು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಆದರೂ ಲೀನಿಯೇಜ್‌ಓಎಸ್ ಎಂಬ ಸ್ವಯಂಸೇವಕರ ಬಳಗವು ಕಂಪನಿಗಳು ಕೈಬಿಟ್ಟ ಎಷ್ಟೋ ಫೋನುಗಳಿಗೆ ಹೊಸ ಜೀವ ಕೊಟ್ಟಿದೆ. ಬೀಗವಿಲ್ಲದಿದ್ದರೆ ನಮ್ಮ ಪೇಟೆಬೀದಿಯ ಮೊಬೈಲ್ ರಿಪೇರಿಯ ಹುಡುಗರಿಗೂ ಈ ಕೆಲಸದಲ್ಲಿ ಅನ್ನವುಂಟು.

ನಾವು ಕೇಳಬೇಕಾದದ್ದು

ಭಾರತ ಸರ್ಕಾರವು 2015ರಲ್ಲಿ ಸರ್ಕಾರಿ ಕೆಲಸಕ್ಕೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿತು. ಸರ್ಕಾರಿ ತಂತ್ರಾಂಶಗಳ ಸೋರ್ಸನ್ನು ತೆರೆಯುವ ನೀತಿಯೂ ಅದೇ ವರ್ಷ ಬಂದಿತು. ನೀತಿ ಒಳ್ಳೆಯದು. ಆದರೆ ಆರಿಸಿಕೊಳ್ಳುವುದು ಒಂದು ದಿನದ ಕೆಲಸ, ಕಾಪಾಡುವುದು ಇಪ್ಪತ್ತು ವರ್ಷದ ಕೆಲಸ. ಪಡಿತರ, ಪಹಣಿ, ಪಿಂಚಣಿ ನಡೆಸುವ ಪ್ರತಿಯೊಂದು ತಂತ್ರಾಂಶದ ಗುತ್ತಿಗೆಯಲ್ಲಿಯೂ ಮೂರು ಮಾತುಗಳು ಬರಹದಲ್ಲಿ ಇರಬೇಕು. ಹಂಚಿದ ಪ್ರತಿಯೊಂದು ಆವೃತ್ತಿಯ ಸೋರ್ಸನ್ನೂ ಅದನ್ನು ಕಟ್ಟುವ ವಿಧಾನವನ್ನೂ ಸಾರ್ವಜನಿಕ ಭಂಡಾರದಲ್ಲಿ ಇಡತಕ್ಕದ್ದು. ಎಷ್ಟು ವರ್ಷ ತೇಪೆ ಹಾಕುವೆವು ಎಂಬುದನ್ನು ಮೊದಲೇ ಹೇಳತಕ್ಕದ್ದು. ತೇಪೆ ಹಾಕುವವರ ಕೂಲಿಗೆ ವರ್ಷವರ್ಷವೂ ಬೇರೆಯಾಗಿ ಹಣ ತೆಗೆದಿಡತಕ್ಕದ್ದು. ಕಟ್ಟಡ ಕಟ್ಟಿ ಸುಣ್ಣಕ್ಕೆ ಕಾಸಿಡದ ಲೋಕೋಪಯೋಗಿ ಕೆಲಸದ ಗತಿ ನಮಗೆ ಗೊತ್ತೇ ಇದೆ.

ವರ್ತಕ ಬಂಧುಗಳಿಗೂ ಒಂದು ಮಾತು. ನೀವು ಸೋರ್ಸ್ ಓದಬೇಕೆಂದು ನಾವು ಹೇಳುತ್ತಿಲ್ಲ. ಕಾಯಿದೆಯನ್ನು ಎಲ್ಲರೂ ಓದುವುದಿಲ್ಲ. ಆದರೆ ಅದು ಅಚ್ಚಾಗಿ ಹೊರಗೆ ಇರುವುದರಿಂದಲೇ ಬೇಕಾದಾಗ ವಕೀಲರನ್ನು ಹಿಡಿಯಬಹುದು. ಬಿಲ್ಲಿನ ತಂತ್ರಾಂಶ ಮಾರಲು ಬಂದವರನ್ನು ನಾಲ್ಕು ಪ್ರಶ್ನೆ ಕೇಳಿ. ನಮ್ಮ ಯಂತ್ರದಲ್ಲಿ ಹಾಕುವ ಇದೇ ಆವೃತ್ತಿಯ ಸೋರ್ಸ್ ಸಿಗುವುದೇ? ಎಷ್ಟು ವರ್ಷ ರಿಪೇರಿ ಮಾಡಿಕೊಡುವಿರಿ, ಬರೆದುಕೊಡುವಿರಾ? ನಿಮ್ಮ ಕಂಪನಿ ಮುಚ್ಚಿದರೆ ಬೇರೆಯವರು ಇದನ್ನು ರಿಪೇರಿ ಮಾಡಬಹುದೇ? ನಮ್ಮ ಲೆಕ್ಕವನ್ನು ನಿಮ್ಮ ಹಂಗಿಲ್ಲದೆ ಹೊರತೆಗೆಯಬಹುದೇ? ಒಂಟಿ ಅಂಗಡಿ ಕೇಳಿದರೆ ನಕ್ಕು ಹೋಗುವರು. ವರ್ತಕರ ಸಂಘ ಒಟ್ಟಾಗಿ ಕೇಳಿದರೆ ಉತ್ತರ ಕೊಡುವರು. ಎಲ್ಲರೂ ತಿಂಗಳಿಗಿಷ್ಟೆಂದು ಕೂಡಿಹಾಕಿದರೆ, ಊರಿನ ಪಾಲಿಟೆಕ್ನಿಕ್ಕಿನಲ್ಲಿ ಕಲಿತು ಕೆಲಸಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುವ ಹುಡುಗ ಹುಡುಗಿಯರಲ್ಲಿ ಇಬ್ಬರಿಗಾದರೂ ಇಲ್ಲಿಯೇ ತೇಪೆಯ ಕೆಲಸ ಕೊಡಬಹುದು. ಮುಕ್ತ ತಂತ್ರಾಂಶ ಪುಕ್ಕಟೆಯೆಂದು ತಂದುಕೊಂಡು ಅದರ ರಿಪೇರಿಗೆ ಕೈ ಬಿಗಿಹಿಡಿದರೆ, ಓಪನ್‌ಎಸ್‌ಎಸ್‌ಎಲ್‌ಗೆ ಕಂಪನಿಗಳು ಮಾಡಿದ್ದನ್ನೇ ನಾವೂ ಮಾಡಿದಂತಾಗುವುದು.

ಗಿರಣಿಯ ಬಂಧುಗಳಿಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ. ಯಂತ್ರವನ್ನು ಅರಿತ ಕೈಯಿಂದ ಯಂತ್ರವನ್ನು ಬಿಚ್ಚುವ ಹಕ್ಕನ್ನು ಕಿತ್ತುಕೊಂಡರೆ, ಆ ಕೈ ಗುಂಡಿಯೊತ್ತುವುದಕ್ಕಷ್ಟೇ ಉಳಿಯುವುದೆಂದು ಅವರು ಬಲ್ಲರು. ಇಂದಿನ ಮಗ್ಗಗಳಲ್ಲಿ ಹಲ್ಲಿನ ಚಕ್ರದ ಪಕ್ಕದಲ್ಲಿ ಕಂಪ್ಯೂಟರೂ ಕೂತಿದೆ. ಫಿಟ್ಟರನ ಸ್ಪ್ಯಾನರು ಮುಟ್ಟಲಾಗದ ಜಾಗ ಯಂತ್ರದಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಆ ಜಾಗದ ಬೀಗದ ಕೈ ಯಾರಲ್ಲಿರಬೇಕು, ಹಿಂದಿನ ಪ್ರತಿ ಎಲ್ಲಿರಬೇಕು, ತೇಪೆಗೆ ಕೂಲಿ ಯಾರು ಕೊಡಬೇಕು ಎಂಬ ಮಾತನ್ನು ಸಂಘದ ಸಭೆಯಲ್ಲಿ ಈಗಲೇ ಎತ್ತಬೇಕು. ಯಂತ್ರ ನಿಂತ ದಿನ ಎತ್ತಿದರೆ, ಕೇಳಿಸಿಕೊಳ್ಳುವವರು ಅಷ್ಟು ಹೊತ್ತಿಗೆ ಹೊಸ ಯಂತ್ರದ ಬೆಲೆಪಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುವರು.